ಅದರ ಹಾಗೇ ಇರುವ ಇನ್ನೊಂದು ಹಿಮದ ಊರು

ಟ್ರಾವೆಲ್ ಆಫೀಸಿಗೆ ಹೊಸದಾಗಿ ಸೇರಿರುವ ನನ್ನ ನಾದಿನಿಯ ಮಗಳು ಮೊನ್ನೆ ಕಂಪ್ಯೂಟರಿನಲ್ಲಿ ಒಂದು ಹಿಮದ ಊರಿನ ಹೆಸರು ಬರೆದು ಗುಂಡಿ ಒತ್ತಿದಳು. ಅದನ್ನೇ ಹೋಲುವ ಊರುಗಳೆಲ್ಲ ಸಾಲಾಗಿ ಬಂದು ನಿಂತವು. “ನೋಡಿ ಮಾಮಿ, ನೀವು ವರ್ಷಗಟ್ಟಲೆ ಮಾಡಿದ ಕೆಲಸ ಇಷ್ಟೇ” ಎಂದು ನಕ್ಕಳು. ಅವಳ ಎದುರಿಗೆ ನಾನೂ ನಕ್ಕೆ. ಆಮೇಲೆ ನನಗೆ ಸಿಟ್ಟು ಬಂತು. ಒಂದು ಊರು ಇನ್ನೊಂದರ ಹಾಗೇ ಇದೆ ಎಂಬ ಮಾತಿನಿಂದ ಒಂದು ಹುಡುಗಿಯ ಜೀವಕ್ಕೇ ಸಂಚಕಾರ ಬಂದಿದ್ದನ್ನು ಕಂಡವಳು ನಾನು. ನಾದಿನಿಯ ಮಗಳಿಗೂ ಅವಳ ಜೊತೆಯವರಿಗೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಸುರತ್ಕಲ್ ಕಡೆಯವಳು. ಎಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಮಸ್ಕತ್ತಿಗೆ ಬಂದೆ. ನಮ್ಮವರಿಗೆ ವಾದಿ ಕಬೀರಿನ ಗ್ಯಾರೇಜೊಂದರಲ್ಲಿ ಸ್ಪೇರ್ ಪಾರ್ಟ್ಸ್ ನೋಡಿಕೊಳ್ಳುವ ಕೆಲಸ, ಅಲ್ಲೇ ಹತ್ತಿರದ ಫ್ಲಾಟಿನಲ್ಲಿ ವಾಸ. ಟೈಪಿಂಗ್ ಬರುತ್ತಿದ್ದ ಕಾರಣ ರೂವಿಯ ಟ್ರಾವೆಲ್ ಆಫೀಸೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಮ್ಯಾನೇಜರ್ ಹಮೀದ್ ಉಪ್ಪಿನಂಗಡಿಯ ಬ್ಯಾರಿ. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಹಮೀದಾಕ ಎನ್ನುತ್ತಿದ್ದೆ. ವಯಸ್ಸಿನಲ್ಲಿ ದೊಡ್ಡವರಾದರೂ ಅವರು ನನ್ನನ್ನು ವಾರಿಜಕ್ಕ ಎನ್ನುತ್ತಿದ್ದರು. ಕೆಲವು ತಿಂಗಳಲ್ಲೇ ಅವರು ನನ್ನನ್ನು ರಜಾ ಪ್ರವಾಸದ ಮೇಜಿಗೆ ಹಾಕಿದರು. ಎಂಥ ಮೇಜು ಅದು! ಮನೆಯ ಫ್ರೀಜರಿನೊಳಗೆ ಬಿಟ್ಟರೆ ಬೇರೆಲ್ಲೂ ಹಿಮ ಕಾಣದ ನಾನು ಹಿಮದ ಊರುಗಳನ್ನು ಮಾರಬೇಕಿತ್ತು.

ಆ ಕಾಲಕ್ಕೆ ಅನುಕೂಲಸ್ಥ ಒಮಾನಿ ಕುಟುಂಬಗಳಿಗೆ ಹಿಮದ ಹುಚ್ಚು ಹತ್ತಿತ್ತು. ಬೆಂಕಿಯಂಥ ಬಿಸಿಲಲ್ಲಿ ಹುಟ್ಟಿ ಬೆಳೆದವರಿಗೆ ಅದು ಹತ್ತದೆ ಇನ್ನೇನು. ಆದರೆ ಎರಡನೇ ಸಲ ಬರುವಾಗ ಎಲ್ಲರದೂ ಒಂದೇ ರಾಗ. ಹೋದ ಸಲದ ಊರು ತುಂಬ ಚೆನ್ನಾಗಿತ್ತು, ಈ ಸಲ ಅದು ಬೇಡ, ಆದರೆ ಇನ್ನೊಂದು ಊರು ಅದರ ಹಾಗೇ ಇರಬೇಕು. ಕೆಲವರಿಗೆ ವೀಸಾ ಸಿಗುತ್ತಿರಲಿಲ್ಲ, ಕೆಲವು ಕಡೆ ಗಲಾಟೆ ಎದ್ದಿರುತ್ತಿತ್ತು, ಕೆಲವರಿಗೆ ಸುಮ್ಮನೆ ಬೇಜಾರು. ಹಾಗೇ ಇರುವ ಊರನ್ನು ಎಲ್ಲಿಂದ ತರುವುದು? ನಮ್ಮ ಹತ್ತಿರ ಇದ್ದದ್ದು ಬಣ್ಣದ ಪುಸ್ತಿಕೆಗಳು. ಎಲ್ಲದರಲ್ಲೂ ಅದೇ ಬಿಳಿ ಬೆಟ್ಟ, ಅದೇ ಮರದ ಮನೆ, ಅದೇ ಕೆಂಪು ಟೋಪಿಯ ಮಗು. ಯಾವ ದೇಶದ್ದೆಂದು ಹೆಸರು ಮುಚ್ಚಿಟ್ಟರೆ ಗೊತ್ತಾಗುತ್ತಿರಲಿಲ್ಲ.

ಹಮೀದಾಕ ಮೊದಮೊದಲು ಚಿತ್ರ ನೋಡಿಯೇ ಜೋಡಿ ಕಟ್ಟುತ್ತಿದ್ದರು. ಹಾಗೆ ಅವರು ಒಮ್ಮೆ ಬೌಷರಿನ ಒಂದು ಕುಟುಂಬವನ್ನು ಸ್ವಿಸ್ ಊರಿನ ಬದಲು ಫ್ರಾನ್ಸಿನ ಊರಿಗೆ ಕಳಿಸಿದರು. ನೋಡಲು ಎರಡೂ ಅವಳಿ ಜವಳಿ. ಆದರೆ ಸ್ವಿಸ್ ಊರಿನಲ್ಲಿ ಬೆಟ್ಟ ಹತ್ತಿಸಲು ಕುರ್ಚಿ ಇತ್ತು, ಕೂತರೆ ಸಾಕು. ಫ್ರಾನ್ಸಿನದರಲ್ಲಿ ಕಾಲುಗಳ ನಡುವೆ ಕಬ್ಬಿಣದ ಸರಳು ಸಿಕ್ಕಿಸಿಕೊಂಡು ನಿಂತರೆ ಅದು ಮೇಲಕ್ಕೆ ಎಳೆದೊಯ್ಯುವ ಏರ್ಪಾಡು. ಹೋದವರಲ್ಲಿ ಹೆಚ್ಚಿನವರು ಹೆಂಗಸರು, ಎಲ್ಲರ ಮೈಮೇಲೂ ಕಾಲಿನವರೆಗೆ ಇಳಿಯುವ ಅಬಾಯ. ಮನೆಯ ಹಿರಿಯ ಸೊಸೆಯ ಅಬಾಯ ಸರಳಿಗೆ ಸುತ್ತಿಕೊಂಡು, ಅವಳನ್ನು ನೆಲದ ಮೇಲೆ ಎಳೆದುಕೊಂಡೇ ಹೋಯಿತಂತೆ. ಯಂತ್ರದವನು ಬೊಬ್ಬೆ ಕೇಳಿ ನಿಲ್ಲಿಸಿದ್ದರಿಂದ ಉಳಿದಳು. ಊರಿಗೆ ಮರಳಿದ ಮೇಲೆ ಅವಳ ಅತ್ತೆ ಆಫೀಸಿಗೆ ಬಂದು ಹಮೀದಾಕನ ಮೇಜಿನ ಎದುರು ನಿಂತು ಅರಬ್ಬಿಯಲ್ಲಿ ಏನೇನು ಹೇಳಿದಳೋ, ಅವರು ಅದನ್ನು ನನಗೆ ಕೊನೆಯವರೆಗೂ ಅನುವಾದಿಸಲಿಲ್ಲ.

“ಇನ್ನು ಚಿತ್ರ ನೋಡುದು ಬೇಡ ವಾರಿಜಕ್ಕ, ನೀವೇ ಕೇಳಿ ತಿಳ್ಕೊಳ್ಳಿ” ಎಂದರು ಆ ದಿನ. ಅಲ್ಲಿಂದ ನನ್ನ ಪದ್ಧತಿ ಶುರುವಾಯಿತು. ಹೋಗಿ ಬಂದವರನ್ನು ಹಿಡಿದು ಕೂರಿಸಿ ವಿಚಾರಿಸುತ್ತಿದ್ದೆ. ಕೋಣೆಯ ಬಾಗಿಲಿನಿಂದ ಹಿಮದವರೆಗೆ ಅಜ್ಜಿ ನಡೆಯಬಲ್ಲಳೇ, ಕುರ್ಚಿಯೋ ಸರಳೋ, ಹಲಾಲ್ ಊಟ ಯಾರು ಬೇಯಿಸುತ್ತಾರೆ, ನಮಾಜಿಗೆ ಜಾಗ ಉಂಟೇ, ಹೆಂಗಸರು ಬೀಳುವಾಗ ಸುತ್ತ ಗಂಡಸರು ನಿಂತು ನೋಡುತ್ತಾರೆಯೇ. ಊರಿನ ಎತ್ತರವನ್ನೂ ಗುರುತು ಮಾಡಿಕೊಳ್ಳುತ್ತಿದ್ದೆ, ಅದು ಹಿಮ ಬೀಳುತ್ತದೋ ಇಲ್ಲವೋ ಎಂಬ ಲೆಕ್ಕಕ್ಕಾಗಿ ಮಾತ್ರ.

ಆದರೂ ಎಡವುತ್ತಿದ್ದೆವು. ವರ್ಷವೂ ಗುಲ್ಮಾರ್ಗಿಗೆ ಹೋಗುತ್ತಿದ್ದ ಒಬ್ಬ ಹಿರಿಯರಿದ್ದರು. ಕಾಶ್ಮೀರದಲ್ಲಿ ಗಲಾಟೆ ಶುರುವಾಗಿ ಅತ್ತ ಕಳಿಸುವ ಹಾಗಿಲ್ಲ ಎಂದಾದಾಗ ಟರ್ಕಿಯಲ್ಲಿ ಪೈನ್ ಮರ, ಹುಲ್ಲುಗಾವಲು, ಕುದುರೆ ಎಲ್ಲ ಇರುವ ಊರು ಹುಡುಕಿಕೊಟ್ಟೆ. ಹೋಗಿ ಬಂದು ಮುಖ ಸಣ್ಣ ಮಾಡಿಕೊಂಡು ಕೂತರು. “ಹಿಮ ಹಾಗೇ ಇತ್ತು ಸಿಸ್ಟರ್. ಆದರೆ ಗುಲ್ಮಾರ್ಗಿನಲ್ಲಿ ಚಹಾದವನ ಜೊತೆ ನಾನು ಹಿಂದಿಯಲ್ಲಿ ಹರಟೆ ಹೊಡೆಯುತ್ತಿದ್ದೆ. ಟರ್ಕಿಯಲ್ಲಿ ವಾರವಿಡೀ ಮೂಗನ ಹಾಗಿದ್ದೆ” ಎಂದರು. ಒಂದೊಂದು ಮನುಷ್ಯನಿಗೆ ‘ಹಾಗೇ’ ಎಂದರೆ ಒಂದೊಂದು. ಕೆಲವರು ಅದನ್ನು ಬಾಯಿಬಿಟ್ಟು ಹೇಳುತ್ತಾರೆ, ಕೆಲವರು ಹೇಳುವುದೇ ಇಲ್ಲ. ಹೇಳದೆ ಉಳಿಸಿಕೊಳ್ಳುವವರ ಬಗ್ಗೆಯೇ ಈಗ ಬರೆಯಬೇಕಾದದ್ದು.

ತೊಂಬತ್ತರ ದಶಕದ ನಡುವೆ ರಂಜಾನ್ ಚಳಿಗಾಲಕ್ಕೆ ಸರಿದು ಬಂದಿತ್ತು. ಈದ್ ರಜೆಯೂ ಹಿಮವೂ ಒಟ್ಟಿಗೆ ಸಿಗುವಂತಾಗಿ ನಮಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಟೆಲೆಕ್ಸ್ ಹೋಗಿ ಫ್ಯಾಕ್ಸ್ ಬಂದಿತ್ತು. ಸಾಲಿಂ ಎಂಬ ವ್ಯಾಪಾರಿ ನಮ್ಮ ಹಳೇ ಗಿರಾಕಿ. ಹೆಂಡತಿ ಮತ್ತು ಒಬ್ಬಳೇ ಮಗಳು ಮುನಾ ಜೊತೆ ವರ್ಷ ಬಿಟ್ಟು ವರ್ಷ ಆಸ್ಟ್ರಿಯಾದ ಒಂದು ಸರೋವರದ ಹಳ್ಳಿಗೆ ಹೋಗುತ್ತಿದ್ದ. ಆ ವರ್ಷ ಮುನಾಳ ನಿಕಾಹ್ ಆಗಿತ್ತು, ಗಂಡನ ಮನೆಗೆ ಕಳಿಸಿಕೊಡುವ ಮದುವೆ ಇನ್ನೂ ಬಾಕಿ ಇತ್ತು. ಎರಡೂ ಮನೆಯವರು ಒಟ್ಟಿಗೆ ಈದ್ ರಜೆಗೆ ಹೊರಟರು. ಹುಡುಗ ಮಾಜಿದ್. ಅವನ ತಂದೆಯನ್ನು ಎಲ್ಲರೂ ಅಬೂ ಮಾಜಿದ್ ಎನ್ನುತ್ತಿದ್ದರು. ದೊಡ್ಡ ದನಿಯ ಮನುಷ್ಯ, ನಮಗೆ ವೀಸಾ ಕೊಡಿಸಿದ ಆಫೀಸಿನ ಒಡೆಯ, ನಮ್ಮ ಕಫೀಲ್‌ನ ಹಳೇ ದೋಸ್ತ್. ಈದ್ ರಜೆಯನ್ನು ಮುಸ್ಲಿಂ ದೇಶದಲ್ಲೇ ಕಳೆಯಬೇಕೆಂಬುದು ಅವರ ಹಟ.

ಆಸ್ಟ್ರಿಯಾದ ಹಳ್ಳಿಯ ಹಾಗೇ ಇರುವ ಊರು ಮುಸ್ಲಿಂ ದೇಶದಲ್ಲಿ! ನಾನು ಮೊರಾಕೊದ ಎರಡು ಊರು ತೋರಿಸಿದೆ. ಒಂದು ಇಫ್ರಾನ್, ಇಳಿಜಾರು ಮಾಡಿನ ಮನೆಗಳು, ದೇವದಾರು ಕಾಡು, ಹಿಮ ಸ್ವಲ್ಪ ಕಡಿಮೆ. ಇನ್ನೊಂದು ಮರಾಕೆಶ್ ನಗರದ ಮೇಲಿನ ಬೆಟ್ಟಗಳಲ್ಲಿರುವ ಊಕೈಮೆದೆನ್. ಅದರ ಚಿತ್ರ ನೋಡಿ ಸಾಲಿಂ ಮುಖ ಅರಳಿತು. “ಅದೇ! ಅದೇ ಬೆಟ್ಟ, ಅದೇ ಬಯಲು!” ಎಂದ. ಎತ್ತರದ ಮಾತು ಬಂದದ್ದು ಅಬೂ ಮಾಜಿದ್ ಟಿಕೆಟಿಗೆ ಬಂದ ದಿನ. “ತುಂಬ ಎತ್ತರದ ಜಾಗ, ಹಿಮ ಖಾತ್ರಿ” ಎಂದು ನಾನು ಹೇಳಿದೆ, ಅವರು ಖುಷಿಯಾದರು. ಸಾಲಿಂ ಆ ದಿನ ಬಂದಿರಲಿಲ್ಲ.

ಹಬ್ಬದ ಮರುದಿನ ಅವರೆಲ್ಲ ವಿಮಾನ ಹತ್ತಿದರು. ರಾತ್ರಿ ಮರಾಕೆಶಿನಲ್ಲಿ ತಂಗಿ, ಬೆಳಗಿನ ಉಪಾಹಾರ ಮುಗಿಸಿ ಬೆಟ್ಟಕ್ಕೆ ಹೋಗುವುದೆಂದು ಗೊತ್ತಾಗಿತ್ತು. ಅವರು ಬೆಟ್ಟಕ್ಕೆ ಹೊರಡಬೇಕಿದ್ದ ಆ ಬೆಳಿಗ್ಗೆ ನಮ್ಮ ಮನೆಗೆ ಐರಿನ್ ಬಾಯಿ ಬಂದಳು. ಬಜ್ಪೆ ಕಡೆಯ ಕೊಂಕಣಿಯವಳು, ಸಾಲಿಂ ಮನೆಯಲ್ಲಿ ಮುನಾಳನ್ನು ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದವಳು. ರಜೆ ಸಿಕ್ಕಿದರೆ ನಮ್ಮ ಕಟ್ಟಡದಲ್ಲೇ ಇರುವ ತಂಗಿಯ ಮನೆಗೆ ಬಂದು, ನನ್ನಲ್ಲಿಗೂ ಒಂದು ಗಳಿಗೆ ಬರುವುದು ರೂಢಿ. ಮೇಜಿನ ಮೇಲಿದ್ದ ಪುಸ್ತಿಕೆ ನೋಡಿ, “ನಮ್ಮ ಬೇಬಿ ಹೋದದ್ದು ಇದಕ್ಕಾ? ಆಸ್ಟ್ರಿಯಾದ ಫೋಟೋದ ಹಾಗೇ ಉಂಟು ಅಲ್ವಾ” ಎಂದಳು.

ನಾನು ದೋಸೆ ಮಗುಚುತ್ತ, “ನೋಡ್ಲಿಕ್ಕೆ ಹಾಗೇ. ಆದ್ರೆ ಇದು ಅದಕ್ಕಿಂತ ಮೂರು ಪಟ್ಟು ಎತ್ತರ ಬಾಯಿ. ನಮ್ಮ ಜೆಬೆಲ್ ಅಖ್ದರ್ ಬೆಟ್ಟ ಉಂಟಲ್ಲ, ಅದರ ಮೇಲಿನ ಹಳ್ಳಿಗಳಿಗಿಂತಲೂ ಎತ್ತರ” ಎಂದೆ.

ತಿರುಗಿ ನೋಡಿದರೆ ಐರಿನ್ ಬಾಯಿ ಗೋಡೆ ಹಿಡಿದುಕೊಂಡು ನಿಂತಿದ್ದಳು.

“ಜೆಬೆಲ್‌ಗಿಂತ ಎತ್ತರವಾ? ದೇವಾ! ವಾರಿಜಕ್ಕ, ಆ ಮಗು ಸಾಯ್ತದೆ.”

ಆಮೇಲೆ ಅವಳ ಬಾಯಿಂದ ಮಾತು ಬಿಟ್ಟು ಬಿಟ್ಟು ಬಂತು. ಮುನಾಳಿಗೆ ಹುಟ್ಟಿನಿಂದಲೇ ರಕ್ತದ ಕಾಯಿಲೆ, ಸಿಕಲ್ ಸೆಲ್, ಎತ್ತರದ ತೆಳು ಗಾಳಿಯಲ್ಲಿ ರಕ್ತನಾಳ ಕಟ್ಟಿಕೊಳ್ಳುವಂಥದ್ದು. ಒಮಾನಿನಲ್ಲಿ ಅದು ಎಷ್ಟೋ ಮನೆಗಳಲ್ಲಿದೆ, ಹೆಣ್ಣುಮಕ್ಕಳಿಗಿದ್ದರೆ ಮನೆಯವರು ಗುಟ್ಟು ಬಿಟ್ಟುಕೊಡುವುದಿಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ನೆಂಟರ ಮನೆಗೆಂದು ಜೆಬೆಲ್ ಅಖ್ದರಿಗೆ ಕರೆದೊಯ್ದಾಗ ಕೈಕಾಲು ಸೆಟೆದು, ಎದೆ ಹಿಡಿದುಕೊಂಡು, ಆಸ್ಪತ್ರೆಯಲ್ಲಿ ಉಳಿದದ್ದೇ ಹೆಚ್ಚು. “ಇಷ್ಟು ಎತ್ತರಕ್ಕೆ ಇನ್ನು ಯಾವತ್ತೂ ಬೇಡ, ಅದಕ್ಕಿಂತ ಕೆಳಗೆ ಬೆಚ್ಚಗಿದ್ದು ನೀರು ಕುಡೀತಾ ಇದ್ರೆ ತೊಂದ್ರೆ ಇಲ್ಲ ಅಂತ ಡಾಕ್ಟ್ರು ನನ್ನ ಎದುರೇ ಹೇಳಿದ್ದು” ಎಂದಳು ಐರಿನ್ ಬಾಯಿ. ಆಸ್ಟ್ರಿಯಾದ ಹಳ್ಳಿ ಕೆಳಗಿನ ಕಣಿವೆಯಲ್ಲಿತ್ತು. ಅಲ್ಲಿ ಏನೂ ಆಗಿರಲಿಲ್ಲ. ಅದರ ಹಾಗೇ ಕಂಡ ಊರಿನಲ್ಲೂ ಏನೂ ಆಗದು ಎಂದು ತಂದೆ ತಾಯಿ ನಂಬಿದ್ದರು. ಎತ್ತರ ನನಗೆ ಗೊತ್ತಿತ್ತು, ಕಾಯಿಲೆ ಗೊತ್ತಿರಲಿಲ್ಲ. ಅವರಿಗೆ ಕಾಯಿಲೆ ಗೊತ್ತಿತ್ತು, ಎತ್ತರ ಗೊತ್ತಿರಲಿಲ್ಲ.

ನಾನು ಚಪ್ಪಲಿ ಮೆಟ್ಟುತ್ತಿದ್ದಂತೆ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. “ಗಂಡಿನ ಕಡೆಯವರಿಗೆ ಗೊತ್ತಾಗಬಾರದು ಅಕ್ಕ. ಗೊತ್ತಾದ್ರೆ ಬಿಟ್ಟೇ ಬಿಡ್ತಾರೆ. ನನ್ನ ಮೇಲೆ ಆಣೆ.”

ಆಣೆ ಇಟ್ಟೆ. ಇಟ್ಟ ಮೇಲೆ ಗೊತ್ತಾಯಿತು, ಕೈಕಾಲು ಕಟ್ಟಿ ನೀರಿಗೆ ದೂಡಿದ ಹಾಗಾಗಿದೆ ಎಂದು. ಮೊರಾಕೊದಲ್ಲಿ ಇನ್ನೂ ನಸುಕು. ಕೆಲವೇ ಗಂಟೆಗಳಲ್ಲಿ ಅವರು ಬೆಟ್ಟಕ್ಕೆ ಹೊರಡುತ್ತಾರೆ. ಫ್ಯಾಕ್ಸ್ ಕಳಿಸಿದರೆ ಹೋಟೆಲಿನ ಕೌಂಟರಿನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದನ್ನು ತೆಗೆದುಕೊಳ್ಳುವವರೂ ಹಿರಿಯರಾದ ಅಬೂ ಮಾಜಿದ್ ಅವರೇ. ಇರುವುದು ಫೋನ್ ಒಂದೇ. ನಮ್ಮ ಫ್ಲಾಟಿನಲ್ಲಿ ಫೋನ್ ಇರಲಿಲ್ಲ, ಆಫೀಸಿಗೆ ಬೀಗ, ಕೀಲಿ ಕೈ ಹಮೀದಾಕನ ಹತ್ತಿರ.

ನಮ್ಮವರು ನನ್ನನ್ನೂ ಐರಿನ್ ಬಾಯಿಯನ್ನೂ ಪಿಕಪ್ಪಿನಲ್ಲಿ ರೂವಿಗೆ ಕರೆದೊಯ್ದರು. ಹಮೀದಾಕನ ಮನೆ ತುಂಬ ಈದಿನ ನೆಂಟರು. ಮೆಟ್ಟಿಲ ಮೇಲೇ ನಿಲ್ಲಿಸಿ ವಿಷಯ ಹೇಳಿದೆ, ಮುನಾಳ ಗುಟ್ಟನ್ನು ಮಾತ್ರ ಬಿಟ್ಟು.

“ಎಂಥದ್ದು ವಾರಿಜಕ್ಕ ನೀವು! ಅಬೂ ಮಾಜಿದ್ ಯಾರಂತ ಗೊತ್ತುಂಟಲ್ಲ? ಕಫೀಲಿಗೆ ಒಂದು ಮಾತು ಹೇಳಿದ್ರೆ ನಮ್ಮ ವೀಸಾ ಖಲಾಸ್. ಕಾರಣ ಇಲ್ಲದೆ ಬೆಟ್ಟಕ್ಕೆ ಹೋಗ್ಬೇಡಿ ಅಂತ ಹೇಗೆ ಹೇಳುದು?”

“ಕಾರಣ ಉಂಟು ಹಮೀದಾಕ. ಹೇಳುವ ಹಾಗಿಲ್ಲ. ಒಂದು ಜೀವದ ಪ್ರಶ್ನೆ. ಕೀಲಿ ಕೈ ಕೊಡಿ, ಬೈಗಳು ನಾನು ತಿನ್ನುತ್ತೇನೆ.”

ಅವರು ನನ್ನ ಮುಖವನ್ನೇ ನೋಡಿದರು. ಒಳಗಿನಿಂದ ಬಿರಿಯಾನಿಯ ಪರಿಮಳ ಬರುತ್ತಿತ್ತು, ಮಕ್ಕಳು ಕರೆಯುತ್ತಿದ್ದರು. “ಕೀಲಿ ಕೈ ಮಾತ್ರ ಯಾಕೆ? ನಾನೂ ಬರ್ತೇನೆ. ಯಲ್ಲಾ, ನಡೀರಿ” ಎಂದರು. ಮೇಲಧಿಕಾರಿಗಳ ಬಗ್ಗೆ ನಾನು ಎಷ್ಟೋ ದೂರು ಹೇಳಬಲ್ಲೆ, ಆದರೆ ಆ ಒಂದು ಮಾತಿಗಾಗಿ ಹಮೀದಾಕನಿಗೆ ಎಲ್ಲವನ್ನೂ ಮಾಫಿ ಮಾಡಿದ್ದೇನೆ.

ಆಫೀಸಿನ ಬೀಗ ತೆಗೆದು ಮೊದಲು ಇಫ್ರಾನಿನ ಹೋಟೆಲಿಗೆ ಫೋನ್ ಮಾಡಿದೆ. ಬೇರೆ ಜಾಗ ಕೈಯಲ್ಲಿಲ್ಲದೆ ಇರುವ ಜಾಗ ಬಿಡಿ ಎನ್ನುವಂತಿಲ್ಲ. ನಿದ್ದೆಗಣ್ಣಿನ ಗುಮಾಸ್ತ ಕೋಣೆ ಇಲ್ಲ ಎಂದ. ಹಮೀದಾಕ ಫೋನ್ ಕಸಿದುಕೊಂಡು ಅರಬ್ಬಿಯಲ್ಲಿ ಈದ್ ಮುಬಾರಕಿನಿಂದ ಶುರುಮಾಡಿ ಅವನ ಅಜ್ಜ ಮುತ್ತಜ್ಜಂದಿರಿಗೆಲ್ಲ ಒಳ್ಳೆಯದು ಹಾರೈಸಿ ಅಂತೂ ಕೋಣೆಗಳನ್ನು ಗಿಟ್ಟಿಸಿದರು. ಬಳಿಕ ಮರಾಕೆಶ್. ಸಾಲಿಂ ಕೋಣೆಯಲ್ಲಿ ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ನಮಾಜಿಗೆ ಹೋಗಿರಬೇಕು. ಸ್ವಲ್ಪ ಬಿಟ್ಟು ಮತ್ತೆ ಮಾಡಿದೆ, ಇಲ್ಲ. ಮೂರನೆಯ ಸಲ ಕೌಂಟರಿನವನು, “ಅವರೆಲ್ಲ ಇಲ್ಲೇ ಇದ್ದಾರೆ, ಸಾಮಾನು ಕಾರಿಗೆ ಏರುತ್ತಿದೆ” ಎಂದು ಯಾರಿಗೋ ಫೋನ್ ಕೊಟ್ಟ.

ದೊಡ್ಡ ದನಿ. ಅಬೂ ಮಾಜಿದ್.

ಹಿಂದಿಯಲ್ಲಿ ಶುರು ಮಾಡಿದೆ. ಬೆಟ್ಟದ ಮೇಲೆ ಹೆಂಗಸರಿಗೆ ಕಷ್ಟ, ಸರಳಿನ ಲಿಫ್ಟುಗಳೇ ಹೆಚ್ಚು ಎಂದೆ. “ನಮ್ಮ ಹೆಂಗಸರು ಹಿಮ ಮುಟ್ಟಿ ನೋಡಿದರೆ ಸಾಕು” ಎಂದರು. ಗಾಳಿ ತೆಳು, ಹಿರಿಯರಿಗೆ ಉಸಿರು ಕಟ್ಟುತ್ತದೆ ಎಂದೆ. ಅಲ್ಲಿಗೆ ಮುಗಿಯಿತು.

“ಹಿರಿಯರು ಯಾರು? ನಾನಾ? ನೀನೇ ಎತ್ತರದ ಜಾಗ, ಹಿಮ ಖಾತ್ರಿ ಅಂದೆ. ಈಗ ಬೇಡ ಅಂತೀಯ. ಕಮಿಷನ್ ಬೇರೆ ಕಡೆ ಸಿಕ್ಕಿತಾ? ಮಸ್ಕತ್ತಿಗೆ ಬಂದು ನಿನ್ನ ಕಫೀಲ್ ಹತ್ತಿರ ಮಾತಾಡ್ತೇನೆ. ಖಲಾಸ್!”

“ಸಾಲಿಂ ಅವರಿಗೆ ಒಂದು ಸಲ ಫೋನ್ ಕೊಡಿ” ಎಂದು ಅಂಗಲಾಚಿದೆ. ಸಾಲಿಂ ಆಗಲೇ ಕಾರಿನಲ್ಲಿ ಕೂತಿದ್ದನಂತೆ. ಮುನಾಳೂ. ಹಮೀದಾಕ ಎದುರಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಹೇಳಿಬಿಡಲೇ, ಮದುವೆ ಮುರಿದರೆ ಮುರಿಯಲಿ, ಹುಡುಗಿ ಬದುಕಿದರೆ ಸಾಕು ಎಂದು ನನ್ನ ಬಾಯಿ ತೆರೆಯಿತು. ಆಗ ಆ ಕಡೆ ಫೋನ್ ಕೈ ಬದಲಾಯಿತು. ಒಂದು ಮೆಲುದನಿ ಇಂಗ್ಲಿಷಿನಲ್ಲಿ, “ಮೇಡಂ, ನಾನು ಮಾಜಿದ್. ತಂದೆ ಹೊರಗೆ ಹೋದರು. ಏನಾಗಿದೆ?” ಎಂದಿತು.

ನಾನು ಮತ್ತೆ ಲಿಫ್ಟು, ಗಾಳಿ ಎಂದು ತೊದಲಿದೆ. ಅವನು ತಡೆದ. “ಮುನಾಳ ವಿಷಯವಾ?”

ಆಣೆ ಇಟ್ಟವಳು ಹೌದೆನ್ನಲೇ, ಅಲ್ಲವೆನ್ನಲೇ?

“ನೀವು ಹೇಳುವುದು ಬೇಡ. ಈ ಊರಿನ ಎತ್ತರ ಎಷ್ಟು, ಅಷ್ಟು ಹೇಳಿ.”

ಹೇಳಿದೆ.

“ನನ್ನ ಜೊತೆ ಓದುತ್ತಿದ್ದ ಗೆಳೆಯನೊಬ್ಬನಿಗೂ ಅದೇ ಇತ್ತು. ಅವನ ಕಣ್ಣೂ ಮುನಾಳ ಕಣ್ಣಿನ ಹಾಗೇ ಸ್ವಲ್ಪ ಹಳದಿ. ಅವನೂ ಎಲ್ಲಿ ಹೋದರೂ ನೀರಿನ ಬಾಟಲಿ ಬಿಡುತ್ತಿರಲಿಲ್ಲ” ಎಂದ. “ಅವಳಾಗಿ ಹೇಳುವವರೆಗೆ ನಾನು ಕೇಳುವುದಿಲ್ಲ. ಕೆಳಗಿನ ಊರು ಯಾವುದಾದರೂ ಇದೆಯಾ?”

“ಇಫ್ರಾನ್. ದಿನವಿಡೀ ಕಾರಿನ ದಾರಿ. ಕೋಣೆ ಹಿಡಿದಿಟ್ಟಿದ್ದೇನೆ. ಆಸ್ಟ್ರಿಯಾದ ಹಳ್ಳಿಯ ಹಾಗೇ ಇದೆ.”

“ಸರಿ. ನನಗೆ ಎತ್ತರ ಆಗುವುದಿಲ್ಲ, ತಲೆ ಸುತ್ತುತ್ತದೆ, ಇಷ್ಟು ದಿನ ನಾಚಿಕೆಯಿಂದ ಹೇಳಲಿಲ್ಲ ಎನ್ನುತ್ತೇನೆ. ಮೇಡಂ, ನನಗೆ ಗೊತ್ತೆಂದು ಅವಳಿಗೆ ಗೊತ್ತಾಗಬಾರದು.”

ಅವನು ಫೋನ್ ಇಟ್ಟ. ಅವನ ಮಾತನ್ನು ಆ ತಂದೆ ಕೇಳಿದರೋ, ಕಾರು ಬೆಟ್ಟದ ಕಡೆ ತಿರುಗಿತೋ ತಿಳಿಯುವ ದಾರಿ ಇರಲಿಲ್ಲ. ಹಮೀದಾಕ ಚಹಾ ತರಿಸಿದರು, ಯಾರೂ ಕುಡಿಯಲಿಲ್ಲ. ಐರಿನ್ ಬಾಯಿ ಕೆಳಗೆ ಪಿಕಪ್ಪಿನಲ್ಲಿ ಜಪಮಣಿ ಹಿಡಿದು ಕೂತಿದ್ದಳು. ಮಧ್ಯಾಹ್ನ ಕಳೆದು ಸಂಜೆ ಹತ್ತಿರವಾಯಿತು. ಇನ್ನು ಬೀಗ ಹಾಕಬೇಕೆನ್ನುವಾಗ ಫ್ಯಾಕ್ಸ್ ಯಂತ್ರ ಗುರ್ ಎಂದಿತು. ದಾರಿಯ ಯಾವುದೋ ಊರಿನಿಂದ ಅಬೂ ಮಾಜಿದ್ ಕೈಬರಹ: ಇಫ್ರಾನಿಗೆ ತಲುಪುವಾಗ ತಡವಾಗುತ್ತದೆ, ಊಟ ತಯಾರಿರಲಿ, ಹೆಂಗಸರಿಗಿಂತ ಅಂಜುಬುರುಕ ಮಗನನ್ನು ಅಲ್ಲಾಹ್ ನನಗೆ ಕೊಟ್ಟಿದ್ದಾನೆ. ಹಮೀದಾಕ ಅದನ್ನು ಓದಿ ಹೇಳಿದರು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಕಫೀಲ್ ಹತ್ತಿರ ದೂರು ಹೋಯಿತು, ನಾವಿಬ್ಬರೂ ಬೈಸಿಕೊಂಡೆವು, ಹಮೀದಾಕ ಆಗಲೂ ಕಾರಣ ಕೇಳಲಿಲ್ಲ. ಮದುವೆ ಸರಿಯಾಗಿ ನಡೆಯಿತು. ಎರಡೂ ಮನೆಗಳಲ್ಲಿ ಮಾಜಿದನ ತಲೆಸುತ್ತು ನಗೆಪಾಟಲಾಗಿತ್ತು. ಹೆಂಡತಿಯ ಚಿಕ್ಕ ಸೋದರ ಸಂಬಂಧಿಗಳೂ ಮೆಟ್ಟಿಲು ಹತ್ತುವಾಗ “ಕೈ ಹಿಡಿಯಬೇಕಾ?” ಎಂದು ಕೇಳುತ್ತಿದ್ದರಂತೆ.

ಮರುವರ್ಷದ ಚಳಿಗಾಲಕ್ಕೆ ಮುನಾ ಒಬ್ಬಳೇ ಆಫೀಸಿಗೆ ಬಂದಳು. “ಆಂಟಿ, ಇಫ್ರಾನಿನ ಹಾಗೇ ಇರುವ ಇನ್ನೊಂದು ಊರು ಬೇಕು. ಎತ್ತರ ಇರಬಾರದು, ನನ್ನ ಗಂಡನಿಗೆ ಆಗುವುದಿಲ್ಲ” ಎಂದಳು. ನಾನು ಮುಖ ಗಂಭೀರ ಮಾಡಿಕೊಂಡು, ಹೌದು ಪಾಪ, ಎಂದು ಪುಸ್ತಿಕೆ ಹರಡಿದೆ.

ಅವಳು ಅದನ್ನು ನೋಡಲಿಲ್ಲ. “ಮದುವೆಯಾದ ಮೇಲೆ ಅವನ ಪೆಟ್ಟಿಗೆಯಲ್ಲಿ ಒಂದು ಫೋಟೋ ಸಿಕ್ಕಿತು ಆಂಟಿ. ನಿಕಾಹಿಗೆ ಮೊದಲು ಗೆಳೆಯರ ಜೊತೆ ಜೆಬೆಲ್ ಶಮ್ಸ್ ಹತ್ತಿದ್ದಾನೆ. ಪ್ರಪಾತದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು ನಗುತ್ತಿದ್ದಾನೆ.”

ಜೆಬೆಲ್ ಶಮ್ಸ್ ಎಂದರೆ ಒಮಾನಿನಲ್ಲೇ ಎಲ್ಲಕ್ಕಿಂತ ಎತ್ತರದ ಬೆಟ್ಟ. “ಹಾಗಾದರೆ ಅವನಿಗೆ ಹೇಳಬಾರದಾ ಮಗಳೇ, ಆ ತಲೆಸುತ್ತು ನಿನಗಾಗಿ ಹೇಳಿದ ಸುಳ್ಳೆಂದು ನಿನಗೆ ಗೊತ್ತು ಅಂತ?” ಎಂದೆ.

ಮುನಾ ತಲೆಯ ಶಾಲು ಸರಿಮಾಡಿಕೊಂಡಳು. ಕಣ್ಣಲ್ಲಿ ನೀರಿತ್ತು. “ಹೇಳುತ್ತೇನೆ ಆಂಟಿ, ಮುಂದೆ ಯಾವಾಗಲಾದರೂ. ಹೇಳಿದರೆ ಅವನು ತಲೆ ಹಿಡಿದುಕೊಂಡು ‘ಮುನಾ, ನನಗೆ ಇಲ್ಲೇ ತಲೆ ಸುತ್ತುತ್ತಿದೆ, ಮೇಲೆ ಹೋಗುವುದು ಬೇಡ’ ಅನ್ನುವುದನ್ನು ನಿಲ್ಲಿಸಿಬಿಡುತ್ತಾನೆ. ನನಗೆ ಅದನ್ನು ಇನ್ನೂ ಸ್ವಲ್ಪ ದಿನ ಕೇಳಬೇಕು.”